ಹಿಂಬದಿಯ ಚೀಟಿ

ನಮ್ಮ ವಾಚನಾಲಯಕ್ಕೆ ಹೊಸ ಪುಸ್ತಕ ಬಂದರೆ ಮೊದಲು ಓದುವವಳು ನಾನು. ಓದಿ ಮುಗಿಸಿ, ಅಂಗೈಯಗಲದ ಚೀಟಿಯಲ್ಲಿ ನನ್ನ ಅಭಿಪ್ರಾಯ ಬರೆದು, ಹಿಂಬದಿಯ ರಟ್ಟಿನ ಒಳಮೈಗೆ ಅಂಟಿಸುತ್ತೇನೆ. ಹೀಗೆ ಮಾಡು ಎಂದು ಯಾರೂ ಹೇಳಿರಲಿಲ್ಲ. ಬೇಡ ಎನ್ನುವ ಧೈರ್ಯವೂ ಯಾರಿಗೂ ಬರಲಿಲ್ಲ. ಇಪ್ಪತ್ತಮೂರು ವರ್ಷದಲ್ಲಿ ಇದು ಎಷ್ಟು ರೂಢಿಯಾಗಿದೆಯೆಂದರೆ, ನಮ್ಮ ಓದುಗರು ಪುಸ್ತಕವನ್ನು ಹಿಂದಿನಿಂದ ತೆರೆಯುತ್ತಾರೆ. ನನಗೆ ಚೀಟಿಯಮ್ಮ ಎಂದು ಹೆಸರಿಟ್ಟಿದ್ದಾರೆ. ಎದುರಿಗೆ ಕರೆಯುವುದಿಲ್ಲ, ಮೆಟ್ಟಿಲು ಇಳಿಯುವಾಗ ಕರೆಯುತ್ತಾರೆ. ಮೆಟ್ಟಿಲು ಮರದ್ದು, ಕೆಳಗೆ ಹೊಲಿಗೆ ಯಂತ್ರ ರಿಪೇರಿಯ ಅಂಗಡಿ, ಆಡಿದ್ದೆಲ್ಲ ಮೇಲಕ್ಕೆ ಕೇಳಿಸುತ್ತದೆ.

ಈ ವರ್ಷ ಬಹುಮಾನ ಬಂದ ಕಾದಂಬರಿಯೊಂದು ಬಂತು. ಅದರ ನಾಯಕ ಹೋದಲ್ಲೆಲ್ಲ ಕಿಟಕಿಯ ಬಳಿ ನಿಲ್ಲುತ್ತಾನೆ. ‘ಇವರನ್ನು ಯಾರಾದರೂ ಕೂರಿಸಿ, ಕಾಲು ನೋಯುತ್ತಿರಬಹುದು’ ಎಂದು ಬರೆದೆ. ಆಮೇಲೆ ನಿವೃತ್ತ ಅಧಿಕಾರಿಯೊಬ್ಬರ ಆತ್ಮಕಥೆ, ನಾನೂರು ಪುಟ. ಅದರಲ್ಲಿ ಅವರೊಬ್ಬರನ್ನು ಬಿಟ್ಟು ಎಲ್ಲರೂ ತಪ್ಪು ಮಾಡುತ್ತಾರೆ. ‘ಇವರು ಮಾಡಿದ ಒಂದೇ ತಪ್ಪು ಈಗ ನಿಮ್ಮ ಕೈಯಲ್ಲಿದೆ’ ಎಂದು ಬರೆದೆ. ಸತ್ತ ಹೆಂಗಸೊಬ್ಬಳು ಕಥೆ ಹೇಳುವ ಕಾದಂಬರಿಗೆ, ‘ಬದುಕಿದ್ದಾಗ ಇಷ್ಟು ಮಾತಾಡಲು ಬಿಟ್ಟಿದ್ದರೆ ಸಾಯುತ್ತಿರಲಿಲ್ಲವೇನೋ. ಓದಿ.’ ಹೋಟೆಲಿನ ಕೋಣೆಗಳನ್ನು ಗುಡಿಸುತ್ತಿದ್ದವರ ನೆನಪುಗಳಿಗೆ, ‘ಅಳಿಸಬೇಕೆಂದು ಬರೆದಿಲ್ಲ, ಅದಕ್ಕೇ ಅತ್ತೆ’ ಎಂದಷ್ಟೇ ಬರೆದೆ. ಆ ಪುಸ್ತಕ ಇವತ್ತಿಗೂ ಕಪಾಟಿನಲ್ಲಿ ಎರಡು ದಿನ ನಿಂತಿಲ್ಲ.

ಆತ್ಮಕಥೆಗಳ ವಿಷಯದಲ್ಲಿ ನನಗೆ ಒಂದು ಸಿಟ್ಟಿದೆ. ಸಿಟ್ಟಿತ್ತು. ಎಂಥ ಒಳ್ಳೆಯ ಪುಸ್ತಕವೇ ಆಗಿರಲಿ, ಮುಗಿಯುವ ಹೊತ್ತಿಗೆ ಒಂದು ಅಧ್ಯಾಯ ಬರುತ್ತದೆ. ಹೆಂಡತಿ ಇಲ್ಲದಿದ್ದರೆ ನಾನಿಲ್ಲ, ಅಣ್ಣನ ತ್ಯಾಗ ಬೆಟ್ಟದಷ್ಟು, ತಂಗಿಯ ಋಣ ತೀರಿಸಲಾರೆ. ಅದಕ್ಕೆ ನಾನು ಋಣದ ಅಧ್ಯಾಯ ಎಂದು ಹೆಸರಿಟ್ಟಿದ್ದೆ. ‘ಋಣದ ಅಧ್ಯಾಯ ಬಂತು, ಪುಸ್ತಕ ಮುಚ್ಚಿಟ್ಟೆ’ ಎಂಬ ಸಾಲು ಕಡಿಮೆಯೆಂದರೂ ಮೂವತ್ತು ಚೀಟಿಗಳಲ್ಲಿದೆ. ‘ಇದನ್ನು ಮನೆಯಲ್ಲೇ ಹೇಳಿ ಮುಗಿಸಬಹುದಿತ್ತು’ ಎಂದೂ ಬರೆದಿದ್ದೇನೆ. ಮನೆಯಲ್ಲಿ ಹೇಳಲಾರದವರೇ ಬರೆಯಲು ಕೂರುತ್ತಾರೆ ಎಂಬುದು ನನಗೆ ಹೊಳೆದಿರಲಿಲ್ಲ.

ಈ ಚೀಟಿಗಳನ್ನು ಒಂದೂ ಬಿಡದೆ ಓದುತ್ತಿದ್ದವಳು ನನ್ನ ಅಕ್ಕ. ಅಕ್ಕ ನರ್ಸ್. ಮೂವತ್ತನಾಲ್ಕು ವರ್ಷ ದೊಡ್ಡ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದಳು. ಲೋಕಕ್ಕೆಲ್ಲ ಅವಳು ಸಿಸ್ಟರ್, ನಿಜವಾಗಿ ಸಿಸ್ಟರ್ ಆಗಬೇಕಾಗಿದ್ದ ನನ್ನ ಪಾಲಿಗೆ ವರ್ಷಕ್ಕೆ ಎರಡು ಸಲ ಬರುವ ನೆಂಟಳು. ಬಂದರೆ ನಾಲ್ಕು ದಿನ. ಆ ನಾಲ್ಕು ದಿನದಲ್ಲೂ ಅವಳ ಚೀಲ ಬಾಗಿಲ ಪಕ್ಕವೇ ಇರುತ್ತಿತ್ತು. ವಾಚನಾಲಯಕ್ಕೆ ಬಂದು, ಹೊಸ ಪುಸ್ತಕಗಳ ಸಾಲಿನಿಂದ ಒಂದನ್ನು ಎಳೆದು, "ಹೇಗಿದೆ?" ಎನ್ನುತ್ತಿದ್ದಳು. "ಹಿಂದೆ ಇದೆ, ಓದ್ಕೋ" ಎನ್ನುತ್ತಿದ್ದೆ. ಚೀಟಿ ಓದಿ, ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. "ನಿನ್ನ ಕೈಗೆ ಸಿಕ್ಕೋರ ಕಥೆ ಮುಗೀತು ಕಣೆ" ಎನ್ನುತ್ತಿದ್ದಳು. ಅವಳು ಮೆಚ್ಚಿದರೆ ನನಗೆ ಖುಷಿಯಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ಅಮ್ಮ ಹಾಸಿಗೆ ಹಿಡಿದದ್ದು ಆರು ವರ್ಷ. ಆ ಆರು ವರ್ಷ ನಾನು ಬೆಳಿಗ್ಗೆ ಅಮ್ಮನ ಮೈ ಒರೆಸಿ, ಬಟ್ಟೆ ಬದಲಿಸಿ, ತಿನ್ನಿಸಿ, ಪಕ್ಕದ ಮನೆಯವರ ಕೈಗೆ ಬೀಗದ ಕೈ ಕೊಟ್ಟು ಕೆಲಸಕ್ಕೆ ಬರುತ್ತಿದ್ದೆ. ಮಧ್ಯಾಹ್ನ ಓಡಿಹೋಗಿ ಮಗ್ಗುಲು ಬದಲಿಸಿ ಮತ್ತೆ ಬರುತ್ತಿದ್ದೆ. ನನಗೊಂದು ಮದುವೆಯ ಮಾತು ಬಂದಿತ್ತು, ಅದು ಎರಡನೆಯ ವರ್ಷ ಎದ್ದು ಹೋಯಿತು. ಅಕ್ಕ ಬರುವಳು, ಅಮ್ಮನ ನಾಡಿ ಹಿಡಿಯುವಳು, ಬೆನ್ನಿನಲ್ಲಿ ಹುಣ್ಣಾಗಿದೆಯೇ ನೋಡುವಳು, ಔಷಧಿಯ ಡಬ್ಬಿಗಳನ್ನು ಸಾಲಾಗಿ ಜೋಡಿಸುವಳು, ಹೋಗುವಳು. ಒಂದು ದಿನವೂ ನನ್ನ ಕಡೆ ತಿರುಗಿ, ‘ನಿನಗೆ ಕಷ್ಟ ಆಯ್ತಲ್ಲೇ’ ಎನ್ನಲಿಲ್ಲ. ಆ ಒಂದು ಮಾತಿಗೆ ನಾನು ಕಾದೆ. ಅಮ್ಮ ಹೋದ ಮೇಲೂ ಕಾದೆ. ಕಾಯುತ್ತಿದ್ದೇನೆಂದು ತೋರಿಸಿಕೊಳ್ಳುವ ಜಾತಿ ನನ್ನದಲ್ಲ, ಅಷ್ಟೇ.

ನಿವೃತ್ತಿಯಾದ ಮೇಲೆ ಅಕ್ಕ ನನ್ನ ಜೊತೆ ಇರಲು ಬಂದಳು. ಈ ಸಲ ಚೀಲವನ್ನು ಒಳಗೆ ತಂದಳು. ಅಮ್ಮನ ಕೋಣೆಯಲ್ಲಿ ಮೇಜು ಹಾಕಿಕೊಂಡು, ಗೆರೆ ಹಾಕಿದ ಉದ್ದ ಹಾಳೆಗಳಲ್ಲಿ ಬರೆಯತೊಡಗಿದಳು. ಎರಡು ವರ್ಷ ಬರೆದಳು. ನಡುವೆ ಒಂದು ದಿನ, ಕಾಳು ಆರಿಸುತ್ತ ಕೂತಿದ್ದಾಗ ಕೇಳಿದಳು.

"ನೀನೊಂದ್ಸಲ ನೋಡ್ತೀಯಾ? ಅಚ್ಚಿಗೆ ಕೊಡೋಕೆ ಮುಂಚೆ?"

"ಅಚ್ಚಾಗಿ ಬರ್ಲಿ, ನೋಡ್ತೀನಿ. ಎಲ್ಲರ ಹಾಗೆ."

"ಮನೆಯವಳು ಅಂತ ಒಂಚೂರು..."

"ಮನೆಯವರಿಗೆ ಬೇರೆ ತಕ್ಕಡಿ ಇಟ್ಟಿಲ್ಲ ನಾನು. ಈಗ್ಲೇ ಹೇಳಿದೀನಿ, ಮುಖ ನೋಡಿ ಬರೆಯೋಳಲ್ಲ."

"ಗೊತ್ತು ಮಾರಾಯ್ತಿ" ಎಂದು ನಕ್ಕಳು. ಸ್ವಲ್ಪ ಹೊತ್ತಾದ ಮೇಲೆ, "ಆ ಋಣದ ಅಧ್ಯಾಯ ಅಂತೀಯಲ್ಲ, ಅದು ಯಾರು ಬರೆದ್ರೂ ಹಿಡಿಸಲ್ವಾ ನಿಂಗೆ?" ಎಂದಳು.

"ಯಾರು ಬರೆದ್ರೂ. ದೇವರು ಬರೆದ್ರೂ ಮುಚ್ಚಿಡ್ತೀನಿ."

ಅಕ್ಕ ಮತ್ತೆ ಕಾಳಿಗೆ ಬಗ್ಗಿದಳು. ಒಂದು ಕಲ್ಲು ಸಿಕ್ಕಿತು, ಬದಿಗೆ ಹಾಕಿದಳು. ನಾನು ಆಡಿದ ಮಾತನ್ನು ನಾನೇ ಮೆಚ್ಚಿಕೊಂಡು ಕೂತಿದ್ದೆ.

ಪುಸ್ತಕ ಬಂತು. ‘ಹನ್ನೆರಡು ಹಾಸಿಗೆ’ ಎಂದು ಹೆಸರು. ಒಂದು ಪ್ರತಿಯನ್ನು ಎಲ್ಲ ಹೊಸ ಪುಸ್ತಕಗಳ ಹಾಗೆಯೇ ಕಾಗದ ಸುತ್ತಿ, ನನ್ನ ಮೇಜಿನ ಮೇಲಿಟ್ಟು ಹೋಗಿದ್ದಳು. ಆ ದಿನ ಓದುಗರು ಕಡಿಮೆ. ಕೆಳಗೆ ಹೊಲಿಗೆ ಯಂತ್ರವೊಂದನ್ನು ಓಡಿಸಿ, ನಿಲ್ಲಿಸಿ, ಮತ್ತೆ ಓಡಿಸಿ ಪರೀಕ್ಷೆ ಮಾಡುತ್ತಿದ್ದರು. ನಾನು ಒಂದೇ ಉಸಿರಿಗೆ ಓದಿದೆ. ಚೆನ್ನಾಗಿತ್ತು. ನನ್ನ ಅಕ್ಕನಿಗೆ ಬರೆಯಲು ಬರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಪ್ರತಿ ಹಾಸಿಗೆಗೆ ಒಂದು ಅಧ್ಯಾಯ. ಮೂರನೆಯ ಹಾಸಿಗೆಯ ಮುದುಕ ಸಾಯುವ ತನಕ ತನ್ನ ಚಪ್ಪಲಿಯನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದ, ಅದನ್ನು ತೆಗೆದು ತೊಡಿಸಿದವಳು ಅಕ್ಕ. ಅಷ್ಟನ್ನೇ ಬರೆದು ಮುಂದಕ್ಕೆ ಹೋಗಿದ್ದಳು, ಒಂದು ಹನಿ ಕಣ್ಣೀರು ಬೆರೆಸದೆ. ನಾನು ಪುಸ್ತಕ ಮಗುಚಿಟ್ಟು, ನೀರು ಕುಡಿದು ಬಂದೆ.

ಆಮೇಲೆ ಅಮ್ಮನ ಮಾತು ಬಂತು. ಇಷ್ಟು ಕಣ್ಣಿರುವವಳು, ಬೇರೆಯವರ ಚಪ್ಪಲಿಯನ್ನೂ ಮರೆಯದವಳು, ಈಗ ಬರೆದಿರುತ್ತಾಳೆ ಎಂದುಕೊಂಡೆ. ನೂರಾ ಮೂವತ್ತೊಂದನೆಯ ಪುಟದ ಕೊನೆಗೆ ಅಮ್ಮ ಹಾಸಿಗೆ ಹಿಡಿದಳು. ಅದರ ಕೆಳಗೆ ಒಂದು ವಾಕ್ಯ. ಪುಟ ತಿರುಗಿಸಿದರೆ ಅಮ್ಮನ ಸಾವು ಮುಗಿದುಹೋಗಿತ್ತು, ಅಕ್ಕ ಮತ್ತೆ ಆಸ್ಪತ್ರೆಯಲ್ಲಿದ್ದಳು.

ಆ ವಾಕ್ಯ ಹೀಗಿತ್ತು: ‘ಕೊನೆಯ ಆರು ವರ್ಷ ಅಮ್ಮನನ್ನು ತಂಗಿಯೇ ನೋಡಿ ಕೊಂದಳು.’

ನೋಡಿಕೊಂಡಳು ಎಂದಾಗಬೇಕಿತ್ತು. ಡ ಇರಬೇಕಾದಲ್ಲಿ ದ ಬಿದ್ದಿದೆ, ನಡುವೆ ಒಂದು ಜಾಗ ಬಿಟ್ಟಿದೆ. ಅಚ್ಚಿನ ತಪ್ಪು ಎಂದು ಮೊದಲ ನೋಟಕ್ಕೇ ತಿಳಿಯಿತು. ಇಂಥ ತಪ್ಪು ಹುಡುಕುವುದರಲ್ಲಿ ನನ್ನದು ಎತ್ತಿದ ಕೈ. ಆದರೂ ಮೈಯೆಲ್ಲ ಉರಿದುಹೋಯಿತು. ತಪ್ಪಿಗಲ್ಲ. ತಿದ್ದಿ ಓದಿದರೂ ಅದು ಆರು ಪದ. ಆರು ವರ್ಷಕ್ಕೆ ಆರು ಪದ. ಚಪ್ಪಲಿಯ ಮುದುಕನಿಗೆ ಒಂಬತ್ತು ಪುಟ.

ಅಮ್ಮ ನನಗೆ ಯಾವಾಗಲೂ ಹೇಳುತ್ತಿದ್ದಳು, ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎಂದು. ನಾನು ಆಗಲೇ ಚೀಟಿ ತೆಗೆದುಕೊಂಡು ಬರೆದೆ: ‘ವಾರ್ಡಿನ ರೋಗಿಗಳೆಲ್ಲ ಈ ಪುಸ್ತಕದಲ್ಲಿ ಬದುಕಿದ್ದಾರೆ, ಬರವಣಿಗೆ ಚೆನ್ನಾಗಿದೆ. ಮನೆಯವರನ್ನು ಹುಡುಕಬೇಡಿ. ಲೇಖಕಿ ಮನೆಗೆ ಬಂದಾಗ ಚೀಲ ಕೆಳಗಿಟ್ಟವರಲ್ಲ. ನೂರಾ ಮೂವತ್ತೊಂದನೆಯ ಪುಟದಲ್ಲಿ ಒಂದು ಅಚ್ಚಿನ ತಪ್ಪಿದೆ. ಇಡೀ ಪುಸ್ತಕದಲ್ಲಿ ತಂಗಿಗೆ ಸಿಕ್ಕಿದ್ದು ಅದೊಂದೇ.’ ಅಂಟು ಹಚ್ಚಿ, ಅಂಗೈಯಿಂದ ಒತ್ತಿ, ಹೊಸ ಪುಸ್ತಕಗಳ ಸಾಲಿನಲ್ಲಿ ನಿಲ್ಲಿಸಿದೆ.

ಶನಿವಾರ ಅಕ್ಕ ಬಂದಳು. ಪತ್ರಿಕೆ ಓದುವ ಇಬ್ಬರು ಕೂತಿದ್ದರು. ಅಕ್ಕ ಬೇರೆ ಯಾವ ಪುಸ್ತಕವನ್ನೂ ಮುಟ್ಟದೆ ತನ್ನದನ್ನೇ ಎಳೆದುಕೊಂಡು, "ಹೇಗಿದೆ?" ಎಂದಳು. ಪರೀಕ್ಷೆ ಬರೆದು ಬಂದವಳ ಮುಖ ಮಾಡಿಕೊಂಡಿದ್ದಳು.

"ಹಿಂದೆ ಇದೆ, ಓದ್ಕೋ."

ನಿಂತೇ ಓದಿದಳು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದಳು. ಆಮೇಲೆ ನೂರಾ ಮೂವತ್ತೊಂದನ್ನು ತೆರೆದು ಬೆರಳಿಟ್ಟಳು.

"ಅಯ್ಯೋ, ಕೊಂದಳು ಅಂತ ಬಿದ್ದಿದೆ. ನಾನು ನೋಡಿರ್ಲಿಲ್ಲ ಕಣೆ."

"ನಿನ್ನ ಪುಸ್ತಕ ನೀನೇ ನೋಡಿಲ್ಲ ಅಂದ್ರೆ ಸರಿಹೋಯ್ತು."

"ಅಲ್ಲ, ಆ ಜಾಗದಲ್ಲಿ ನಾನು ಮೊದಲು ಬೇರೆ ಏನೋ..."

"ಬರೆದವರು ಪುಸ್ತಕದ ಪಕ್ಕ ನಿಂತು ಅರ್ಥ ಹೇಳೋ ಹಾಗಿಲ್ಲ" ಎಂದೆ. "ಇಲ್ಲಿ ಎಲ್ಲರಿಗೂ ಅದೇ ನಿಯಮ."

ಪತ್ರಿಕೆಯ ಹಿಂದಿದ್ದ ಒಬ್ಬರು ಕೆಮ್ಮಿದರು. ಅಕ್ಕ ಪುಸ್ತಕವನ್ನು ಮುಚ್ಚಿ, ಇದ್ದ ಜಾಗದಲ್ಲೇ ಇಟ್ಟಳು.

"ಬರವಣಿಗೆ ಚೆನ್ನಾಗಿದೆ ಅಂತ ಬರ್ದಿದೀಯಲ್ಲ" ಎಂದಳು. "ಅಷ್ಟು ಸಾಕು ಬಿಡು. ನೀನು ಅಷ್ಟು ಬರೆಯೋದೇ ದೊಡ್ಡದು."

ಹೋದಳು. ಮೆಟ್ಟಿಲಿನಿಂದ ಏನೂ ಕೇಳಿಸಲಿಲ್ಲ.

ಆಮೇಲೆ ಹನ್ನೊಂದು ದಿನ ಒಂದೇ ಮನೆಯಲ್ಲಿ ಮಾತಿಲ್ಲದೆ ಕಳೆದೆವು. ಅವಳು ಎರಡು ಮೂರು ಸಲ ನನ್ನ ಕೋಣೆಯ ಬಾಗಿಲವರೆಗೆ ಬಂದು ನಿಂತಳು. ನಾನು ಓದುತ್ತಿರುವವಳ ಹಾಗೆ ತಲೆ ಎತ್ತಲಿಲ್ಲ. ಹನ್ನೆರಡನೆಯ ದಿನ ಬೆಳಿಗ್ಗೆ ಬಚ್ಚಲಲ್ಲಿ ಚೆಂಬು ಬಿದ್ದ ಸದ್ದಾಯಿತು. ಎದ್ದು ನೋಡುವ ಹೊತ್ತಿಗೆ ಅಕ್ಕನ ಬಲಗಡೆ ಪೂರ್ತಿ ಹೋಗಿತ್ತು. ಆಸ್ಪತ್ರೆಯಲ್ಲಿ ಮೂರು ವಾರ ಇದ್ದಳು. ಬಲಗೈ ಬರಲಿಲ್ಲ. ಓದು ಬರಲಿಲ್ಲ. ಮಾತಿನಲ್ಲಿ ಒಂದೇ ಒಂದು ಮಾತು ವಾಪಸು ಬಂತು.

"ಹೇಗಿದೆ?"

ವೈದ್ಯರು ಬಂದರೆ, ಹೇಗಿದೆ. ನೀರು ಕೊಟ್ಟರೆ, ಹೇಗಿದೆ. ಗೋಡೆ ನೋಡಿಕೊಂಡು, ಹೇಗಿದೆ. "ಕೆಲವರಿಗೆ ಹೀಗೆ ಒಂದು ಮಾತು ಮಾತ್ರ ಉಳ್ಕೊಳ್ಳುತ್ತೆ" ಎಂದರು ವೈದ್ಯರು. "ಅದಕ್ಕೆ ಅರ್ಥ ಹುಡುಕ್ಬೇಡಿ. ಹಸಿವಾದ್ರೂ ಅದೇ, ನೋವಾದ್ರೂ ಅದೇ." ಮುಂದೆ ಸುಧಾರಿಸುತ್ತದೆಯೇ ಎಂದು ಕೇಳಿದೆ. ಅವರು ಕಡತ ಮುಚ್ಚಿ, ಮನೆಗೆ ಕರೆದುಕೊಂಡು ಹೋಗಬಹುದು ಎಂದರು.

ಮನೆಗೆ ತಂದ ಮೇಲೆ ನನಗೆ ಮಾಡಲು ತೋಚಿದ್ದು ಒಂದೇ, ಆ ತಪ್ಪನ್ನು ತಿದ್ದಿಸುವುದು. ಅವಳ ಮಂಚದ ಕೆಳಗೆ ನೂರಾರು ಪ್ರತಿ ಕಟ್ಟುಕಟ್ಟಾಗಿ ಬಿದ್ದಿದ್ದವು. ‘ನೋಡಿಕೊಂಡಳು’ ಎಂದು ಸಣ್ಣ ಸಣ್ಣ ಪಟ್ಟಿ ಮುದ್ರಿಸಿ ಕೊಟ್ಟರೆ ನಾನೇ ಕೂತು ಒಂದೊಂದಕ್ಕೂ ಅಂಟಿಸುತ್ತೇನೆ, ಅಂಟಿಸುವುದು ನನಗೆ ಹೊಸತಲ್ಲ. ಪಕ್ಕದ ಮನೆಯವರನ್ನು ಅಕ್ಕನ ಬಳಿ ಕೂರಿಸಿ, ಪುಸ್ತಕದ ಡಿಟಿಪಿ ಮಾಡಿದವರ ಅಂಗಡಿಗೆ ಹೋದೆ. ಗೋಡೆಗೆಲ್ಲ ಆಮಂತ್ರಣ ಪತ್ರಿಕೆಗಳ ಮಾದರಿ ಅಂಟಿಸಿದ್ದ ಸಣ್ಣ ಕೋಣೆ. ಐವತ್ತು ದಾಟಿದ ಮನುಷ್ಯ, ಬೆರಳುಗಳನ್ನು ಕೀಲಿಗಳ ಮೇಲಿಟ್ಟುಕೊಂಡೇ ಮಾತಾಡುತ್ತಾರೆ. ಪುಟ ತೋರಿಸಿದೆ. ನಾಲಗೆ ಕಚ್ಚಿಕೊಂಡರು.

"ತಪ್ಪಾಯ್ತಮ್ಮ. ಇದೊಂದು ಸಾಲು ಸಿಸ್ಟರ್ ಫೋನಲ್ಲಿ ಹೇಳಿದ್ದು. ಈ ಕಡೆ ಮಿಷನ್ ಗದ್ದಲ. ‘ನೋಡಿ’ ಅಂದ್ರು, ನಿಲ್ಲಿಸಿದ್ರು, ಆಮೇಲೆ ‘ಕೊಂಡಳು’ ಅಂದ್ರು. ನನ್ನ ಕಿವಿಗೆ ಹಾಗೆ ಬಿತ್ತು."

"ಇಡೀ ಪುಸ್ತಕ ಕೈಯಲ್ಲಿ ಬರ್ದು ಕೊಟ್ಟೋಳು ಒಂದು ಸಾಲು ಯಾಕೆ ಫೋನಲ್ಲಿ ಹೇಳಿದ್ಲು?"

"ಅಲ್ಲಿ ಹದಿನಾಲ್ಕು ಪುಟ ತೆಗೆಸಿದ್ರಲ್ಲ. ತೆಗೆದ್ಮೇಲೆ ಹಿಂದಿನದಕ್ಕೂ ಮುಂದಿನದಕ್ಕೂ ಕೂಡ್ತಿರ್ಲಿಲ್ಲ. ಒಂದು ಸಾಲು ಹೇಳಿ ಸಿಸ್ಟರ್, ಸೇರಿಸ್ಕೋತೀನಿ ಅಂದೆ."

"ಯಾವ ಹದಿನಾಲ್ಕು ಪುಟ?"

ಅವರು ಮೊದಲ ಸಲ ಕೀಲಿಗಳಿಂದ ಕೈ ತೆಗೆದರು.

"ತಂಗಿ ಅಂತ ಒಂದು ಅಧ್ಯಾಯ ಇತ್ತಮ್ಮ. ನೀವೇನಾ ಅವರ ತಂಗಿ?"

ಹೌದೆಂದೆ. ಕುರ್ಚಿ ತೋರಿಸಿದರು, ಕೂತೆ. ಅವರು ಹೇಳಿದ್ದು ಇಷ್ಟು. ಎಲ್ಲ ಜೋಡಿಸಿ ಆಗಿತ್ತು. ಕೊನೆಗಳಿಗೆಯಲ್ಲಿ ಅಕ್ಕ ಬಂದು ಆ ಅಧ್ಯಾಯ ಬೇಡ ಎಂದಳು. ಚೆನ್ನಾಗಿದೆಯಲ್ಲ ಸಿಸ್ಟರ್, ಇರಲಿ ಎಂದು ಇವರು ಹೇಳಿದರೂ ಕೇಳಲಿಲ್ಲ.

"‘ನನ್ನ ತಂಗಿ ದೊಡ್ಡ ಓದುಗಾರ್ತಿ, ಮನೆಯವರನ್ನ ಹೊಗಳಿದ್ರೆ ಪುಸ್ತಕ ಮುಚ್ಚಿಟ್ಬಿಡ್ತಾಳೆ. ಬೇರೆ ಯಾರು ಮುಚ್ಚಿಟ್ರೂ ಚಿಂತೆಯಿಲ್ಲ, ಅವಳು ಪೂರ್ತಿ ಓದ್ಬೇಕು’ ಅಂದ್ರು."

"ಆ ಹಾಳೆಗಳು?"

"ಕೈಬರಹ ಇಲ್ಲೇ ಹರಿದು ಹಾಕಿದ್ರು. ಮನೇಲಿದ್ರೆ ಅವಳ ಕೈಗೆ ಸಿಗುತ್ತೆ, ಬೈಸ್ಕೋಬೇಕಾಗುತ್ತೆ ಅಂತ ನಕ್ರು. ಕಂಪ್ಯೂಟರಿನಲ್ಲಿ ಅದೇ ಫೈಲಿನ ಮೇಲೆ ಅಳಿಸಿ ಉಳಿಸ್ಬಿಟ್ಟೆ. ಕರಡು ರದ್ದಿಗೆ ಹೋಯ್ತು." ಆದರೂ ನನ್ನ ಸಮಾಧಾನಕ್ಕೆಂದು ಅರ್ಧ ಗಂಟೆ ಹುಡುಕಿದರು. ಇರಲಿಲ್ಲ.

"ಏನು ಬರೆದಿದ್ಲು? ನೀವು ಓದಿರ್ತೀರಲ್ಲ."

"ನಾವು ಅಕ್ಷರ ನೋಡ್ತೀವಮ್ಮ, ಓದಲ್ಲ. ಓದ್ತಾ ಕೂತ್ರೆ ಕೈ ನಿಂತುಬಿಡುತ್ತೆ." ಹಣೆ ಉಜ್ಜಿಕೊಂಡರು. "ಒಂದು ಪದ ಮಾತ್ರ ಜ್ಞಾಪಕ ಇದೆ. ಗುಬ್ಬಿತುತ್ತು. ಇದೇನು ಸಿಸ್ಟರ್, ಬಿಡಿಸಿ ಬರೀಬೇಕಾ, ಕೂಡಿಸಿ ಬರೀಬೇಕಾ ಅಂತ ಕೇಳಿದ್ದೆ. ಹೀಗೆ ಅಂತ ಮೂರು ಬೆರಳು ಸೇರಿಸಿ ತೋರಿಸಿದ್ರು. ತಂಗಿ ಅಮ್ಮಂಗೆ ಹೀಗೆ ತಿನ್ನಿಸೋಳು, ನಾನು ಬಾಗಿಲ ಹೊರಗೆ ನಿಂತು ನೋಡ್ತಿದ್ದೆ, ಒಳಗೆ ಹೋಗೋಕೆ ನಾಚಿಕೆ ಆಗ್ತಿತ್ತು ಅಂದ್ರು."

ಅಮ್ಮನಿಗೆ ನುಂಗಲು ಆಗುತ್ತಿರಲಿಲ್ಲ. ಅನ್ನವನ್ನು ಮೆತ್ತಗೆ ಮಾಡಿ, ಕಡಲೆಕಾಳಿನಷ್ಟು ಮಾತ್ರ ತೆಗೆದುಕೊಂಡು, "ಇದೊಂದು ಗುಬ್ಬಿತುತ್ತು, ನುಂಗಮ್ಮ" ಎನ್ನುತ್ತಿದ್ದೆ. ಒಂದು ಊಟಕ್ಕೆ ಒಂದು ಗಂಟೆ ಹಿಡಿಯುತ್ತಿತ್ತು. ಆ ಮಾತು ಅಮ್ಮನಿಗೂ ನನಗೂ ಬಿಟ್ಟು ಇನ್ನೊಬ್ಬರಿಗೆ ಗೊತ್ತಿಲ್ಲ ಎಂದುಕೊಂಡಿದ್ದೆ. ಅಕ್ಕ ನೋಡಿದ್ದಳು. ಎಲ್ಲವನ್ನೂ ನೋಡಿದ್ದಳು. ಹದಿನಾಲ್ಕು ಪುಟ ನೋಡಿದ್ದಳು. ನಾನು ಜನ್ಮವೆಲ್ಲ ಕಾದ ಮಾತನ್ನು ಅವಳು ಬರೆದಳು, ನನ್ನ ಬಾಯಿಗೆ ಹೆದರಿ ಅವಳೇ ಹರಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ, ನನ್ನ ವಿಷಯದಲ್ಲಿ ಬಾಯಿಯೇ ತುತ್ತನ್ನು ತಳ್ಳಿತು. ಅಂಗಡಿಯವರು ಪಟ್ಟಿಗಳನ್ನು ಮುದ್ರಿಸಿ, ಕತ್ತರಿಸಿ, ಲಕೋಟೆಗೆ ಹಾಕಿಕೊಟ್ಟರು. ಅಲ್ಲಿ ಅಳಬಾರದು ಎಂದುಕೊಂಡೆ, ಅತ್ತೆ.

ವಾಚನಾಲಯದ ಪ್ರತಿಯಿಂದ ಚೀಟಿಯನ್ನು ಕೀಳಲು ನೋಡಿದೆ. ನಾನು ಗಟ್ಟಿಯಾಗಿ ಅಂಟಿಸುತ್ತೇನೆ, ರಟ್ಟಿನ ಮೇಲ್ಪದರವೇ ಕಿತ್ತು ಬಂತು. ಹೊಸದು ಬರೆಯೋಣವೆಂದು ಕೂತೆ. ಆಗಲಿಲ್ಲ. ಓದದ ಪುಸ್ತಕಕ್ಕೆ ನಾನು ಇವತ್ತಿನವರೆಗೂ ಅಭಿಪ್ರಾಯ ಬರೆದಿಲ್ಲ, ಅಕ್ಕನ ಪುಸ್ತಕವನ್ನು ನಾನು ಓದಿಲ್ಲ. ಆಮೇಲೆ ಬಂದ ಕಾದಂಬರಿಗಳೂ ಮೇಜಿನ ಮೇಲೆ ಹಾಗೇ ಕೂತಿವೆ. ಓದುಗರು ಹಿಂದಿನಿಂದ ತೆರೆಯುತ್ತಾರೆ, ಖಾಲಿ ರಟ್ಟು ನೋಡಿ ನನ್ನ ಮುಖ ನೋಡುತ್ತಾರೆ.

ಪಕ್ಕದ ಮನೆಯವರು, "ಅಕ್ಕನ್ನ ಎಷ್ಟು ಚೆನ್ನಾಗಿ ನೋಡ್ಕೋತೀರಿ" ಎನ್ನುತ್ತಾರೆ. ಅವರ ಬಾಯಲ್ಲಿ ಯಾವ ಅಕ್ಷರ ಬಂತು ಎಂದು ನಾನು ಒಂದು ಗಳಿಗೆ ಕಿವಿಗೊಟ್ಟು ಕೇಳುತ್ತೇನೆ.

ಇವತ್ತು ಮಧ್ಯಾಹ್ನ ಅವಳಿಗೆ ತಿನ್ನಿಸಲು ಕೂತೆ. ಮೂರು ಬೆರಳು ಸೇರಿಸಿ ಸ್ವಲ್ಪವೇ ತೆಗೆದುಕೊಂಡು, "ಗುಬ್ಬಿತುತ್ತು ಅಕ್ಕ, ನೆನಪಿದೆಯಾ?" ಎಂದೆ. ಅವಳ ಕಣ್ಣನ್ನೇ ನೋಡಿದೆ. ಅವಳು ನನ್ನ ಬೆರಳುಗಳನ್ನು ನೋಡುತ್ತಿದ್ದಳು.

"ಹೇಗಿದೆ?" ಎಂದಳು.

"ಚೆನ್ನಾಗಿದೆ ಅಕ್ಕ. ನಿನ್ನ ಪುಸ್ತಕ ತುಂಬಾ ಚೆನ್ನಾಗಿದೆ."

ನುಂಗಿದಳು. ಗಲ್ಲ ಒರೆಸಿದೆ.

"ಹೇಗಿದೆ?"

"ನಾನು ಓದ್ಲಿಲ್ಲ ಅಕ್ಕ. ನೀನು ಕೊಡೋಕೆ ಬಂದೆ, ನಾನು ಬಿಡ್ಲಿಲ್ಲ."

ಅದನ್ನೂ ಕೇಳಿಸಿಕೊಂಡಳೋ ಇಲ್ಲವೋ. ನಾನು ಮುಂದಿನ ತುತ್ತು ತೆಗೆದುಕೊಳ್ಳುವುದರೊಳಗೆ ಅವಳು ಮತ್ತೆ ಕೇಳಿದಳು.